‘ಶ್’ ಅನ್ನಬಾರದ ಪೆಟ್ಟಿಗೆಗಳು

“ಅದರ ಮೇಲಿನ ಬಟ್ಟೆ ತೆಗೀಬೇಡಿ ಮೇಡಂ,” ಎಂದ ಬಡಗಿ.

ಆಕೆ ಆಗಲೇ ತೆಗೆದಾಗಿತ್ತು.

ದಪ್ಪನೆಯ ಕರಿ ಬಟ್ಟೆ ನೆಲಕ್ಕೆ ಜಾರಿತು. ವರ್ಷಗಳ ಧೂಳು ಕಿಟಕಿಯ ಬೆಳಕಿನಲ್ಲಿ ಹೊಗೆಯಂತೆ ಎದ್ದಿತು. ಮರದ ಪುಡಿ ಮತ್ತು ಅಂಟಿನ ವಾಸನೆ ತುಂಬಿದ್ದ ಆ ಕೊಠಡಿಯಲ್ಲಿ ಇದ್ದಕ್ಕಿದ್ದಂತೆ ಬೇರೊಂದು ವಾಸನೆ ಹರಡಿತು. ಬಹಳ ದಿನ ಮುಚ್ಚಿಟ್ಟ ನೀರಿನ ತೊಟ್ಟಿಯ ಪಾಚಿ ವಾಸನೆ. ಆಕೆಗೆ ಅದರ ಪರಿವೆಯೇ ಇರಲಿಲ್ಲ. ಎದುರಿಗೆ ಎದೆಯೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳು ನಿಂತಿದ್ದವು. ಕಪ್ಪು ಜೇನಿನ ಬಣ್ಣದ ಮರ. ಎಲ್ಲಿಯೂ ಒಂದು ಮೊಳೆಯ ತಲೆ ಕಾಣದಂತೆ ಕೂಡಿಸಿದ ಮೂಲೆಗಳು. ಬೆರಳಿನ ಗೆಣ್ಣಿನಿಂದ ಪಕ್ಕವನ್ನು ತಟ್ಟಿ ನೋಡಿದಳು. ಸದ್ದೇ ಬರಲಿಲ್ಲ. ಕಲ್ಲನ್ನು ತಟ್ಟಿದರೂ ಅಷ್ಟೋ ಇಷ್ಟೋ ಸದ್ದು ಬರುತ್ತದೆ. ಇದರಲ್ಲಿ ಅದೂ ಇಲ್ಲ.

“ಇಂಥ ಪೆಟ್ಟಿಗೇನ ಮೂಲೇಲಿ ಮುಚ್ಚಿಟ್ಟಿದೀರಲ್ಲ ಮೇಸ್ತ್ರಿಗಳೇ, ನಿಮಗೇನು ಹೇಳಬೇಕು!”

ಬಡಗಿ ಕಿವಿಯ ಹಿಂದಿದ್ದ ಯಂತ್ರವನ್ನು ಬೆರಳಿನಿಂದ ಒತ್ತಿಕೊಂಡ. ನಲವತ್ತು ವರ್ಷ ಗರಗಸದ ಪಕ್ಕ ನಿಂತು ಮಂದವಾಗಿದ್ದ ಅವನ ಕಿವಿಗಳನ್ನು ಪರೀಕ್ಷಿಸಿ, ಆ ಯಂತ್ರ ಕೊಡಿಸಿದ್ದವಳು ಈಕೆಯೇ. ದೊಡ್ಡಾಸ್ಪತ್ರೆಯ ಕಿವಿ ವಿಭಾಗಕ್ಕೆ ವರ್ಗವಾಗಿ ಬಂದು ನಾಲ್ಕು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ಎಲ್ಲರಿಗೂ ಆಕೆ ‘ಕಿವಿ ಮೇಡಂ’. ಹಗಲೆಲ್ಲ ಗಾಜಿನ ಕೋಣೆಯೊಳಗೆ ರೋಗಿಗಳನ್ನು ಕೂರಿಸಿ, ಸಣ್ಣ ಸದ್ದುಗಳನ್ನು ಕೇಳಿಸಿ, ಯಾರಿಗೆ ಎಷ್ಟು ಕೇಳುತ್ತದೆ ಎಂದು ಗೀಟು ಎಳೆಯುವ ಕೆಲಸ. ಮನೆಗೆ ಬಂದರೆ ಸಂಗೀತ. ಬರೀ ಕೇಳುವುದಲ್ಲ, ಅದಕ್ಕಾಗಿಯೇ ಬದುಕಿದ್ದವಳಂತೆ ಕೇಳುವುದು. ಯಾವ ವೈರು ಎಲ್ಲಿಂದ ಬಂದರೆ ಪಿಟೀಲಿನ ದನಿ ತೆಳುವಾಗುತ್ತದೆ, ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರೆ ಹಾಡುವವರ ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಆಕೆಗೆ ಗೊತ್ತು. ತನ್ನನ್ನು ಆಡಿಯೋಫೈಲ್ ಎಂದು ಕರೆದುಕೊಳ್ಳಲು ಆಕೆಗೆ ಸಂಕೋಚವಿರಲಿಲ್ಲ. “ಫೈಲು ಅಂದ್ರೆ ಆಫೀಸಲ್ಲಿ ಧೂಳು ತಿನ್ನುತ್ತಾ ಬಿದ್ದಿರೋದು ತಾನೇ?” ಎಂದು ಗಂಡ ರೇಗಿಸುತ್ತಿದ್ದ.

“ಒಂದು ತಿಂಗಳು ಕೊಡಿ. ಕೇಳಿ ವಾಪಸ್ ತಂದಿಡ್ತೀನಿ,” ಎಂದಳು.

“ನೀವು ನನಗೆ ಕಿವಿ ಕೊಟ್ಟವರು. ಇಲ್ಲ ಅನ್ನೋಕೆ ಬಾಯಿ ಬರ್ತಿಲ್ಲ.” ಬಡಗಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಆದ್ರೆ ಇದಕ್ಕೆ ಮಾಟ ಆಗಿದೆ ಮೇಡಂ. ಇದರ ಮುಂದೆ ಕೂತಾಗ ಯಾರಿಗೂ ‘ಶ್’ ಅನ್ನಬೇಡಿ. ಸುಮ್ಮನಿರು ಅನ್ನಬೇಡಿ. ನೀವು ಯಾರ ಬಾಯಿ ಮುಚ್ಚಿಸ್ತೀರೋ ಅವರ ದನೀನ ಇದು ನುಂಗುತ್ತೆ.”

ಆಕೆ ಬಿದ್ದು ಬಿದ್ದು ನಕ್ಕಳು. “ಹಾಗಾದ್ರೆ ನನ್ನ ಗಂಡನಿಗೋಸ್ಕರವೇ ಮಾಡಿದ್ದು ಬಿಡಿ ಇದು!”

ಬಡಗಿ ನಗಲಿಲ್ಲ. ಮರುದಿನ ಪೆಟ್ಟಿಗೆಗಳನ್ನು ಕೈಗಾಡಿಯಲ್ಲಿಟ್ಟು ತಂದವನು, ಆಕೆಯ ಮನೆಯ ಹೊಸ್ತಿಲು ದಾಟುವ ಮುಂಚೆ ಕಿವಿಯ ಯಂತ್ರವನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡ. ಹೊರಗೆ ಹೋಗಿ ಬೀದಿಯ ತಿರುವು ತಲುಪುವವರೆಗೂ ಅದನ್ನು ಹಾಕಿಕೊಳ್ಳಲಿಲ್ಲ.

ಮನೆಯ ಒಳಕೋಣೆ ಆಕೆಯ ಸಂಗೀತದ ಕೋಣೆ. ಗೋಡೆಗೆ ಕಂಬಳಿ, ಕಿಟಕಿಗೆ ಎರಡು ಪದರ ಕಪ್ಪು ಪರದೆ. ನಡುಮಧ್ಯಾಹ್ನವೂ ಅಲ್ಲಿ ಕೈಗೆ ಕೈ ಕಾಣದ ಕತ್ತಲು. ಆಂಪ್ಲಿಫೈಯರಿನ ನಾಲ್ಕು ಗಾಜಿನ ಬುರುಡೆಗಳು ಮಾತ್ರ ಕೆಂಡದಂತೆ ಉರಿಯುತ್ತಿದ್ದವು. ಆಕೆ ತಂತಿವಾದ್ಯಗಳ ಒಂದು ಹಳೆಯ ರೆಕಾರ್ಡು ಹಾಕಿ, ಮುಳ್ಳು ಇಳಿಸಿ ಕುರ್ಚಿಗೆ ಬಂದು ಕೂತಳು.

ಮೊದಲ ಸ್ವರಕ್ಕೇ ಮೈಮೇಲಿನ ರೋಮಗಳು ನೆಟ್ಟಗಾದವು. ಇದು ಸ್ಪೀಕರಿನಿಂದ ಬರುವ ಸದ್ದಾಗಿರಲಿಲ್ಲ. ಕತ್ತಲೆಯಲ್ಲಿ ಹತ್ತು ಜನ ಬಂದು ಕೂತಿದ್ದರು. ಎಡಗಡೆಯವನು ಪಿಟೀಲಿನ ಕಮಾನು ಎತ್ತುವಾಗ ಅವನ ತೋಳಿನ ಬಟ್ಟೆ ಸರಿದದ್ದು ಕೇಳಿತು. ಮಧ್ಯದವಳು ಸ್ವರ ಹಿಡಿಯುವ ಮುಂಚೆ ಉಗುಳು ನುಂಗಿದ್ದು ಕೇಳಿತು. ಈ ರೆಕಾರ್ಡನ್ನು ನೂರು ಸಲ ಕೇಳಿದ್ದಾಳೆ, ಇದೇ ಮೊದಲ ಸಲ ಕೇಳುತ್ತಿರುವ ಹಾಗಿತ್ತು. ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಪಕ್ಕದ ಮನೆಯ ನಾಯಿ ಬೊಗಳಿತು. “ಶ್!” ಎಂದಳು, ಅಭ್ಯಾಸಬಲದಿಂದ.

ನಾಯಿ ಸುಮ್ಮನಾಯಿತು.

ಮರುದಿನ ಆಸ್ಪತ್ರೆಗೆ ಹೊರಟಾಗ ಆ ನಾಯಿ ಗೇಟಿನ ಹಿಂದೆ ನಿಂತಿತ್ತು. ಆಕೆಯನ್ನು ಕಂಡು ಹಲ್ಲು ಬಿಟ್ಟು, ಕುತ್ತಿಗೆ ಮುಂದೆ ಚಾಚಿ, ಬಾಯಿ ಅಗಲಿಸಿ ಅಗಲಿಸಿ ಮುಚ್ಚುತ್ತಿತ್ತು. ಸದ್ದಿಲ್ಲ. ಪಾಪ, ಗಂಟಲು ಕಟ್ಟಿದೆ ಎಂದುಕೊಂಡು ನಡೆದಳು.

ಆಕೆಯ ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಬೆಳಗಿನಿಂದ ಸಂಜೆಯವರೆಗೆ ‘ಕ್ಲಚ್ಚು, ಕ್ಲಚ್ಚು, ಅಯ್ಯೋ ಬ್ರೇಕು’ ಎಂದು ಕೂಗಿ ಗಂಟಲು ಒಡೆದ ಮಡಕೆಯಂತಾಗಿತ್ತು. ಆದರೂ ಮಾತಿಗೆ ಬಿಡುವಿಲ್ಲ. ಆಕೆ ಅವನಿಗಿಟ್ಟ ಹೆಸರು ‘ರೇಡಿಯೋ’. ಏಳು ವರ್ಷದ ಮಗಳು ಪುಟ್ಟಿಗೆ ಅವನೆಂದರೆ ಪ್ರಾಣ. ಅಪ್ಪ ಮಗಳು ಸೇರಿದರೆ ಮನೆಯಲ್ಲಿ ಸಂತೆ.

ಮೂರನೆಯ ದಿನ ಸಂಜೆ ಆಕೆ ಕೋಣೆಯಲ್ಲಿ ಕೂತಿದ್ದಾಗ ಅವನು ಬಾಗಿಲು ತೆರೆದು ತಲೆ ಹಾಕಿದ. “ಏ, ಇವತ್ತೇನಾಯ್ತು ಗೊತ್ತಾ? ಒಬ್ಬ ಹೆಂಗಸು ಕಾರನ್ನ ಸೀದಾ ತರಕಾರಿ ಗಾಡಿ ಒಳಕ್ಕೆ—”

“ಶ್! ಒಂದು ಗಳಿಗೆ ಸುಮ್ಮನಿರ್ತೀರಾ?”

ಬಾಗಿಲು ಮುಚ್ಚಿತು. ಆ ಸಲ ಸಂಗೀತ ಇನ್ನೂ ಒಂದು ಪದರ ಆಳಕ್ಕೆ ಇಳಿದ ಹಾಗಿತ್ತು.

ಊಟಕ್ಕೆ ಕೂತಾಗ ಅವನು ಕೈ ಆಡಿಸಿ ಆಡಿಸಿ ಏನೋ ಹೇಳುತ್ತಿದ್ದ. ಪುಟ್ಟಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಆಕೆಗೆ ಮಗಳ ನಗು ಕೇಳಿತು. ತಟ್ಟೆಯ ಸದ್ದು ಕೇಳಿತು. ಅವನ ತುಟಿಗಳು ಮಾತ್ರ ಮೀನಿನ ಬಾಯಿಯಂತೆ ತೆರೆದು ಮುಚ್ಚುತ್ತಿದ್ದವು.

“ರೀ, ಇದೇನು ಆಟ? ಬಾಯಿಬಿಟ್ಟು ಹೇಳಿ.”

ಅವನು ಹುಬ್ಬೇರಿಸಿದ. ಮತ್ತೆ ತುಟಿ ಆಡಿಸಿದ. ಪುಟ್ಟಿ ಅವಳ ಕಡೆ ತಿರುಗಿ, “ಅಮ್ಮಾ, ಅಪ್ಪ ಅಷ್ಟು ಜೋರಾಗಿ ಹೇಳ್ತಿದಾರಲ್ಲ!” ಎಂದಳು.

ಮರುದಿನ ಆಕೆ ಎಲ್ಲರಿಗಿಂತ ಮುಂಚೆ ಆಸ್ಪತ್ರೆಗೆ ಹೋಗಿ, ರೋಗಿಯ ಕುರ್ಚಿಯಲ್ಲಿ ತಾನೇ ಕೂತು, ತನ್ನ ಕಿವಿಗಳನ್ನು ತಾನೇ ಪರೀಕ್ಷಿಸಿದಳು. ಹದಿನೆಂಟರ ಹುಡುಗಿಯ ಕಿವಿ. ಒಂದು ಕಡೆಯೂ ಕುಂದಿಲ್ಲ. ಗಂಡನ ದನಿ ಯಾವ ಮಟ್ಟದಲ್ಲಿದೆಯೋ ಆ ಮಟ್ಟದ ಸದ್ದುಗಳೆಲ್ಲ ಗಂಟೆ ಬಾರಿಸಿದಷ್ಟು ಸ್ಪಷ್ಟ. ಗೀಟು ಎಳೆದ ಹಾಳೆಯನ್ನು ಹಿಡಿದು ಬಹಳ ಹೊತ್ತು ಕೂತಳು. ಆದರೆ ಸೋಲುವ ಜಾತಿಯಲ್ಲ ಅವಳು. ಕೆಲಸದ ಒತ್ತಡ, ಹೊಸ ಊರು, ನಿದ್ದೆ ಕಡಿಮೆ ಎಂದು ತನಗೆ ತಾನೇ ಹೇಳಿಕೊಂಡಳು. ಮಾಟವಂತೆ! ಮರದ ಪೆಟ್ಟಿಗೆಗೆ ಹೆದರಿದರೆ ಇಷ್ಟು ಓದಿದ್ದು ಯಾಕೆ? ಇವತ್ತೇ ಅದರ ಮುಂದೆ ಕೂರುತ್ತೇನೆ, ಏನು ಮಾಡುತ್ತದೋ ನೋಡುತ್ತೇನೆ.

ಮಧ್ಯಾಹ್ನ ಬೇಗ ಮನೆಗೆ ಬಂದು ಕೂತಳು. ಅದೇ ರೆಕಾರ್ಡು. ಅದೇ ಕತ್ತಲು. ಪಾಚಿಯ ವಾಸನೆ ಇವತ್ತು ಮೂಗಿಗೆ ಬಡಿಯುವಷ್ಟು. ಹತ್ತು ಜನರ ಹಿಂದೆ, ಬಲಮೂಲೆಯಲ್ಲಿ, ಹನ್ನೊಂದನೆಯವನೊಬ್ಬ ಮಾತಾಡುತ್ತಿದ್ದ. ಮುಂದಕ್ಕೆ ಬಾಗಿದಳು. ಒಡಕು ದನಿ.

“...ಸೀದಾ ತರಕಾರಿ ಗಾಡಿ ಒಳಕ್ಕೆ. ಬದನೆಕಾಯಿ ಎಲ್ಲ ಬಾನೆಟ್ ಮೇಲೆ. ಆ ಹೆಂಗಸು ಕಣ್ಣು ಮುಚ್ಕೊಂಡು ಕೂತಿದಾಳೆ, ಕಣ್ಣು ಬಿಡಮ್ಮಾ ಅಂದ್ರೆ...”

ಅವಳ ಗಂಡನ ದನಿ. ನಿನ್ನೆ ಊಟದ ಹೊತ್ತಿನಲ್ಲಿ ಅವನ ಬಾಯಿಂದ ಬಾರದ್ದು ಇಲ್ಲಿ, ಪೆಟ್ಟಿಗೆಯೊಳಗಿಂದ ಬರುತ್ತಿತ್ತು. ಎಂಥ ದನಿ! ಆ ಒಡಕಿನೊಳಗೆ ಇಷ್ಟು ಬಣ್ಣಗಳಿವೆ ಎಂದು ಹತ್ತು ವರ್ಷದ ಸಂಸಾರದಲ್ಲಿ ಅವಳಿಗೆ ಗೊತ್ತಾಗಿರಲಿಲ್ಲ. ಭಯವಾಗಬೇಕಿತ್ತು. ಆಗಲಿಲ್ಲ. ಇನ್ನೂ ಕೇಳಬೇಕೆನಿಸಿತು. ಕಣ್ಣು ಮುಚ್ಚಿದಳು.

ಹಿಂದಿನಿಂದ ಬಾಗಿಲು ತೆರೆದ ಸದ್ದು. “ಅಮ್ಮಾ!” ಎಂದಿತು ಒಂದು ಕೀರಲು ದನಿ. “ಅಮ್ಮಾ, ಅಮ್ಮಾ!”

ತಿರುಗಿ ನೋಡದೆ ಬೆರಳೆತ್ತಿದಳು. “ಶ್.”

ದನಿ ನಿಂತಿತು.

ರೆಕಾರ್ಡಿನ ಆ ಬದಿಯ ಕೊನೆಯ ಸ್ವರ ಆರುವವರೆಗೂ ಅವಳು ಕೂತಿದ್ದಳು. ಮುಳ್ಳು ತಾನಾಗಿ ಮೇಲೆದ್ದಿತು. ತಿರುಗಿದಳು.

ಪುಟ್ಟಿ ಅಲ್ಲೇ, ಬಾಗಿಲ ಬಳಿ ನಿಂತಿದ್ದಳು. ಬಲಗೈಯ ಎರಡು ಬೆರಳುಗಳು ಜಜ್ಜಿ ಹೋಗಿದ್ದವು. ರಕ್ತ ಮೊಳಕೈವರೆಗೆ ಇಳಿದು, ಅಲ್ಲಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬೀದಿ ಬಾಗಿಲಿಗೆ ಸಿಕ್ಕಿಸಿಕೊಂಡು ಓಡಿ ಬಂದಿದ್ದಳು. ಮಗುವಿನ ಬಾಯಿ ಕಿವಿಯವರೆಗೆ ತೆರೆದಿತ್ತು. ಕುತ್ತಿಗೆಯ ನರಗಳು ಉಬ್ಬಿದ್ದವು. ಜೀವ ಹೋಗುವಂತೆ ಅಳುತ್ತಿತ್ತು.

ಕೋಣೆಯಲ್ಲಿ ಒಂದು ಸದ್ದೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಬಿದ್ದವು. ಸೂಜಿ ಚುಚ್ಚುವಾಗ ಮಗು ಕಿರುಚಿತು ಎಂದು ನರ್ಸ್ ಕಿವಿ ಮುಚ್ಚಿಕೊಂಡದ್ದರಿಂದ ಅವಳಿಗೆ ಗೊತ್ತಾಯಿತು. ಗಂಡ ಓಡಿ ಬಂದ. ಅವನೂ ಏನೇನೋ ಕೇಳಿದ. ಅವಳು ಗೋಡೆಗೆ ಒರಗಿ ನಿಂತು, “ನನಗೆ ನಿಮ್ಮಿಬ್ಬರದೂ ಕೇಳಿಸ್ತಿಲ್ಲ ರೀ. ಉಳಿದವರದೆಲ್ಲ ಕೇಳುತ್ತೆ. ನಿಮ್ಮಿಬ್ಬರದು ಮಾತ್ರ ಇಲ್ಲ,” ಎಂದಳು. ನಡೆದದ್ದನ್ನೆಲ್ಲ ಹೇಳಿದಳು. ಅವನು ಜೇಬಿನಿಂದ ಡ್ರೈವಿಂಗ್ ಶಾಲೆಯ ಅರ್ಜಿ ಫಾರಂ ತೆಗೆದು ಅದರ ಬೆನ್ನ ಮೇಲೆ ಬರೆದ: ‘ಮೊದಲು ಆ ಬಡಗಿ ಹತ್ರ ಹೋಗು. ಮಗು ನನ್ನ ಹತ್ರ ಇರಲಿ.’

ಬಡಗಿ ಅವಳ ಮುಖ ನೋಡಿದ್ದೇ ಉಳಿಯನ್ನು ಕೆಳಗಿಟ್ಟ. ಕೊಠಡಿಯ ಹಿಂದಿನ ಕಲ್ಲು ಮೆಟ್ಟಿಲು ಹತ್ತಿಸಿದ. ಮೇಲಿನ ಒಂಟಿ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಒಬ್ಬ ಹೆಂಗಸು ಕೂತಿದ್ದಳು. ಬೆಳ್ಳಗಾದ ತಲೆ, ಮೊಳೆಯಂಥ ಕಣ್ಣು.

“ನಮ್ಮಕ್ಕ,” ಎಂದ ಬಡಗಿ. “ಪೆಟ್ಟಿಗೆ ಮಾಡಿದ್ದು ನಾನು, ಭಾವನಿಗೋಸ್ಕರ. ಅದರೊಳಗೆ ಮಾಟ ಇಟ್ಟಿದ್ದು ಇವಳು.”

ಅಕ್ಕ ಕೇಳಿದಳು: “ಯಾರಿಗೆ ಶ್ ಅಂದ್ರಿ?”

“ಗಂಡನಿಗೆ. ಮಗಳಿಗೆ.”

“ನನ್ನ ಗಂಡನೂ ಹಾಗೇ. ನಿಜವಾಗಿ ಕೇಳುವವನಿಗೆ ಸಂಗೀತ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಗದ್ದಲ ಅಂತಿದ್ರು. ನಮ್ಮನೇಲಿ ಪಾತ್ರೆಗೆ ಪಾತ್ರೆ ತಾಗಿದ್ರೆ ತಪ್ಪು. ಮಗು ನಕ್ಕರೆ ತಪ್ಪು. ನಾನು ಹನ್ನೊಂದು ವರ್ಷ ಪಿಸುಮಾತಲ್ಲಿ ಸಂಸಾರ ಮಾಡ್ದೆ.”

ಕೇಳುತ್ತಿದ್ದವಳ ಮುಖ ಸುಟ್ಟಂತಾಯಿತು. ಅದೇ ಮಾತನ್ನು, ಸ್ವಲ್ಪ ಚೆಂದ ಮಾಡಿ, ಅವಳೂ ಎಷ್ಟೋ ಜನರ ಮುಂದೆ ಹೇಳಿದ್ದಳು.

ಅಕ್ಕ ಬಿಟ್ಟುಬಿಟ್ಟು ಹೇಳಿದಳು. ಇಪ್ಪತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಹೊರಗೆ ಹೋಗಿದ್ದಾಗ, ನಾಲ್ಕು ವರ್ಷದ ಮಗ ಹಿತ್ತಿಲಿನ ನೀರಿನ ತೊಟ್ಟಿಗೆ ಬಿದ್ದ. ಅಂಚು ಹಿಡಿದುಕೊಂಡು ‘ಅಪ್ಪಾ’ ಎಂದು ಮೂರು ಸಲ ಕೂಗಿದ್ದನ್ನು ಪಕ್ಕದ ಮನೆಯವರು ಕೇಳಿ ಓಡಿ ಬಂದಿದ್ದರು. ಅಪ್ಪ ಒಳಗೆ ಹತ್ತು ಹೆಜ್ಜೆ ದೂರದಲ್ಲಿದ್ದ. ಅವನಿಗೂ ಕೇಳಿತ್ತು. ಕಿಟಕಿಯ ಕಡೆ ತಿರುಗಿ ‘ಶ್’ ಎಂದಿದ್ದ. ಅದನ್ನು ಅವನೇ ಆಮೇಲೆ ಒಪ್ಪಿಕೊಂಡ.

“ಒಂದು ತಿಂಗಳು ಕಳೆದ ಮೇಲೆ, ಮಾಟ ಮಾಡೋಳ ಹತ್ರ ಹೋದೆ. ತಾಮ್ರದ ತಗಡು ಬರೆಸ್ಕೊಂಡು ಬಂದೆ. ಅದಕ್ಕೆ ಮಗೂನ ಕೂದಲು ಸುತ್ತಿ, ಇವರ ರೆಕಾರ್ಡಿನ ಮುಳ್ಳಿಂದ ಚುಚ್ಚಿ, ಬಲಗಡೆ ಪೆಟ್ಟಿಗೇಲಿ ಇಟ್ಟೆ. ಸಂಗೀತ ಒಂದೇ ಬೇಕಲ್ವಾ ನಿನಗೆ, ಅದೊಂದೇ ಉಳೀಲಿ ಅಂದೆ.”

“ಆಮೇಲೆ?”

“ಒಬ್ಬೊಬ್ಬರಿಗೇ ಶ್ ಅಂತ ಹೋದ್ರು. ಒಬ್ಬೊಬ್ಬರ ದನಿಯೇ ಹೋಯ್ತು. ಕೊನೆಗೆ ಅವರಿಗೆ ತಮ್ಮ ಎದೆ ಬಡಿಯೋದೇ ಗದ್ದಲ ಅನ್ನಿಸ್ತು. ಅದಕ್ಕೂ ಶ್ ಅಂದ್ರು.” ಅಕ್ಕ ಅಂಗೈ ಮಗುಚಿ ತೋರಿಸಿದಳು. “ಕುರ್ಚೀಲಿ ಕೂತ ಹಾಗೇ ಇದ್ರು. ಮುಖದಲ್ಲಿ ನಗು.”

“ಅದನ್ನ ಕಿತ್ತು ಹಾಕೋದು ಹೇಗೆ, ಹೇಳಿ.”

“ಬೇಡ.” ಅಕ್ಕನ ದನಿ ಥಟ್ಟನೆ ಗಡುಸಾಯಿತು. “ಮಾಟಕ್ಕೆ ಮುಂಚೆಯಿಂದಲೂ ಅವರು ಸುಮ್ಮನಾಗಿಸಿದ್ದೆಲ್ಲ ಅದರೊಳಗಿದೆ. ನನ್ನ ಮಗೂನ ಕೂಗೂ ಅದರೊಳಗೇ ಇದೆ. ಕಿತ್ತರೆ ಅದೂ ಹೋಗುತ್ತೆ.”

“ನೀವು ಯಾವತ್ತಾದ್ರೂ ಕೇಳಿದೀರಾ ಅದನ್ನ?”

ಅಕ್ಕ ತಲೆಯಾಡಿಸಿದಳು. ಹಾಡು ಹಾಕುವ ಧೈರ್ಯ ಬಂದಿರಲಿಲ್ಲ. ವಾರಕ್ಕೊಮ್ಮೆ ಕೆಳಗಿಳಿದು ಬಟ್ಟೆ ಮುಚ್ಚಿದ ಪೆಟ್ಟಿಗೆಯ ಮುಂದೆ ಕೂತು ಬರುತ್ತಿದ್ದಳು, ಅಷ್ಟೆ.

“ಇಪ್ಪತ್ತು ವರ್ಷದಿಂದ ಮಗು ಕೂಗ್ತಾನೇ ಇದೆ,” ಎಂದಳು ಕಿವಿ ಮೇಡಂ. “ಅವರಪ್ಪ ಕೇಳಲಿಲ್ಲ. ನೀವೂ ಕೇಳ್ತಿಲ್ಲ. ನಿಮಗೆ ಇಷ್ಟ ಇರಲಿ, ಬಿಡಲಿ, ನಾಳೆ ಆ ತಗಡು ಕೀಳ್ತೀನಿ. ನನ್ನ ಮಗಳ ದನೀನ ಆ ಪೆಟ್ಟಿಗೆಗೆ ಬಿಟ್ಟುಕೊಡಲ್ಲ. ನೀವು ಬಂದ್ರೆ ನಿಮ್ಮ ಮಗೂ ಮಾತು ನಿಮಗೆ ಸಿಗುತ್ತೆ. ಬರದಿದ್ರೆ ಅದೂ ಇಲ್ಲ.”

ಕೆಳಗೆ ಯಾರೋ ಮರಕ್ಕೆ ಉಜ್ಜುಗಾಗದ ಹಾಕುತ್ತಿದ್ದ ಸದ್ದು ಕೇಳುತ್ತಿತ್ತು. ಕೊನೆಗೆ ಅಕ್ಕ ಎದ್ದು ನಿಂತಳು.

“ಹಾಡು ನಡೀತಿರುವಾಗಲೇ ಕೀಳಬೇಕು. ಶ್ ಅಂದವರೇ ಕೀಳಬೇಕು. ಒಳಗಿರೋದೆಲ್ಲ ಹೊರಗೆ ಬರೋಕೆ ಇರೋದು ಒಂದೇ ದಾರಿ, ಕೀಳೋರ ಕಿವಿ. ಆ ಕಿವಿ ಉಳಿಯುತ್ತೆ ಅಂತ ನಾನು ಹೇಳಲ್ಲ. ಅರಳೆ ಗಿರಳೆ ಇಟ್ಕೊಂಡ್ರೆ ಅವು ಒಳಗೇ ಸಾಯ್ತವೆ. ತಡೀಲಾರದೆ ಸಾಕು ಅಂದ್ರೋ, ಶ್ ಅಂದ್ರೋ, ನಿಮ್ಮನ್ನೇ ಎಳ್ಕೊಳ್ಳುತ್ತೆ.”

ಆ ಸಂಜೆ ಮನೆಯಲ್ಲಿ ಅವಳು ಇದನ್ನೆಲ್ಲ ಗಂಡನಿಗೆ ಹೇಳಿದಳು. ಅವನು ಫಾರಂ ಹುಡುಕಿ, ಪೆನ್ನು ಹುಡುಕಿ, ಹಣೆ ಉಜ್ಜಿಕೊಂಡು ಬರೆದ: ‘ಒಂದು ಕಿವಿ ಹೋದ್ರೆ ಇನ್ನೊಂದಿದೆ. ಎರಡೂ ಹೋದ್ರೆ ನಾನು ಬರೀತೀನಿ. ನನ್ನ ಅಕ್ಷರ ಮಾತ್ರ ನೀನು ಬೈಯೋ ಹಾಗಿಲ್ಲ.’ ಅವಳು ನಗುತ್ತಲೇ ಅತ್ತಳು.

ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಅಕ್ಕ ಬಂದಳು. ಬಡಗಿ ಹೊರಗೆ ಪುಟ್ಟಿಯನ್ನು ಹಿಡಿದುಕೊಂಡು ನಿಂತ. ಗಂಡ ಕೋಣೆಯ ಬಾಗಿಲಲ್ಲಿ ಕಾವಲು ನಿಂತ. ಒಳಗೆ ಅವಳು, ಅಕ್ಕ, ಕತ್ತಲು, ನಾಲ್ಕು ಕೆಂಡಗಳು.

ರೆಕಾರ್ಡು ಹಾಕಿದಳು. ಮುಳ್ಳು ಇಳಿಸಿದಳು. ಬಲಗಡೆಯ ಪೆಟ್ಟಿಗೆಯ ಹಿಂದೆ ಮಂಡಿಯೂರಿ ಸ್ಕ್ರೂಡ್ರೈವರ್ ಹಚ್ಚಿದಳು. ಎಂಟು ತಿರುಪುಗಳು.

ಮೊದಲನೆಯದು ತಿರುಗಿದಾಗ ಸಂಗೀತ ಬದಲಾಯಿತು. ಅವಳ ಜನ್ಮದಲ್ಲಿ ಕೇಳದಷ್ಟು ಚೆಂದವಾಯಿತು. ಪ್ರತಿ ತಂತಿ ಅವಳ ಬೆನ್ನುಮೂಳೆಗೇ ಕಟ್ಟಿದ ಹಾಗಿತ್ತು. ಬೆರಳು ಸಡಿಲವಾಯಿತು. ಇದನ್ನು ಕೆಡಿಸುತ್ತೀಯಾ ಎಂದು ಪ್ರತಿ ಸ್ವರವೂ ಕೇಳಿತು. ಇಷ್ಟು ವರ್ಷ ಇದಕ್ಕೇ ತಾನೇ ಕಾದಿದ್ದು? ಇನ್ನೊಂದು ಬದಿ ಕೇಳು. ಒಂದೇ ಒಂದು ಬದಿ.

“ಹೋಗತ್ತ,” ಎಂದಳು ಹಲ್ಲು ಕಚ್ಚಿ. ಎರಡನೆಯದು ಬಿಚ್ಚಿದಳು. ಮೂರನೆಯದು. ನಾಲ್ಕು. ಕೈ ಬೆವರಿ ಹಿಡಿ ಜಾರುತ್ತಿತ್ತು. ಎಂಟನೆಯದು ಬಂದಾಗ ಹಿಂಬದಿಯ ಹಲಗೆ ಕೈಗೆ ಕಳಚಿ ಬಂತು.

ಒಳಗಿನಿಂದ ತಣ್ಣನೆಯ ಗಾಳಿ. ಕೊಳೆತ ನೀರಿನ ವಾಸನೆ. ಒದ್ದೆ ಕೂದಲಿನ ವಾಸನೆ. ಒಳಗೋಡೆಗೆ ಅಂಟಿಸಿದ್ದ ಉಣ್ಣೆಬಟ್ಟೆ ಒದ್ದೆಯಾಗಿತ್ತು. ಒತ್ತಿದರೆ ನೀರು ಒಸರಿತು. ತೋಳನ್ನು ಭುಜದವರೆಗೆ ಒಳಗೆ ತೂರಿಸಿದಳು. ತಡಕಾಡಿದಳು. ಮರ. ವೈರು. ಒದ್ದೆ ಬಟ್ಟೆ. ಆಮೇಲೆ ತಗಡು.

ಅದು ಬೆಚ್ಚಗಿತ್ತು. ಗಂಟಲಿನಂತೆ ಮಿಡಿಯುತ್ತಿತ್ತು.

ಹಿಡಿದು ಎಳೆದಳು.

ಸಂಗೀತ ನಿಂತಿತು. ಅರೆಕ್ಷಣ ಏನೂ ಇಲ್ಲ.

ಆಮೇಲೆ ಎಲ್ಲ ಬಂದವು.

ಪೆಟ್ಟಿಗೆಗೆ ಒತ್ತಿದ್ದ ಎಡಗಿವಿಯೊಳಕ್ಕೆ ಕಾದ ಸರಳು ನುಗ್ಗಿದಂತೆ. ನಾಯಿ ಬೊಗಳಿತು. ಪಾತ್ರೆ ಉರುಳಿತು. ಮಾರುವವರು ಕೂಗಿದರು. ಬಾಗಿಲು ಬಡಿದರು. ಯಾರೋ ಕೆಮ್ಮಿದರು. ಯಾರೋ ಬಿಕ್ಕಿದರು. ಹನ್ನೊಂದು ವರ್ಷದ ಪಿಸುಮಾತುಗಳು ಹಾವಿನ ಹಿಂಡಿನಂತೆ ಹರಿದು ಬಂದವು. ಒಂದು ಎದೆ ಧಡಧಡ ಬಡಿಯಿತು. ಎಲ್ಲ ಒಟ್ಟಿಗೆ. ಎಲ್ಲ ಅದೇ ಕಿವಿಗೆ. ಬಿಸಿಯಾದದ್ದೇನೋ ಕುತ್ತಿಗೆಯ ಮೇಲೆ ಇಳಿಯಿತು. ರಕ್ತ. ತಗಡು ಇನ್ನೂ ಅರ್ಧ ಅಂಟಿಕೊಂಡೇ ಇತ್ತು. ಅವಳ ತುಟಿಗಳು ತಾವಾಗಿ ಮುಂದಕ್ಕೆ ಚಾಚಿದವು. ನಾಲಿಗೆ ಹಲ್ಲಿನ ಹಿಂದೆ ಸೇರಿತು. ಉಸಿರು ಸೀಳಿ ಹೊರಡಲು ಸಿದ್ಧವಾಯಿತು. ಒಂದೇ ಒಂದು ‘ಶ್’. ಅಂದರೆ ಸಾಕು, ಎಲ್ಲ ನಿಲ್ಲುತ್ತದೆ.

ನಾಲಿಗೆ ಕಚ್ಚಿಕೊಂಡಳು. ಬಾಯಿ ತುಂಬ ಉಪ್ಪು.

“ಹೇಳ್ರೋ!” ಎಂದು ಕಿರುಚಿದಳು. “ಹೇಳಿ! ಜೋರಾಗಿ ಹೇಳಿ! ಕೇಳ್ತಿದೀನಿ! ಇನ್ನೂ ಜೋರಾಗಿ!”

ತಗಡು ಕಿತ್ತು ಬಂತು.

“ಅಪ್ಪಾ!” ಎಂದಿತು ಒಂದು ಪುಟ್ಟ ದನಿ. ಈ ಸಲ ಕೋಣೆಯಲ್ಲೇ. “ಅಪ್ಪಾ! ಅಪ್ಪಾ!”

ಅಕ್ಕ ಗೋಡೆ ಹಿಡಿದು ಕುಸಿದಳು. ಆ ಮೂರು ಕೂಗುಗಳ ವಿಷಯ ಊರಿಗೆಲ್ಲ ಗೊತ್ತಿತ್ತು. ನಾಲ್ಕನೆಯದೊಂದಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಕೂಗೂ ಅಲ್ಲ, ನೀರು ತುಂಬಿದ ಬಾಯಿಯ ಉಸಿರು.

“ಅಮ್ಮ.”

“ಬಂದೆ ಕಣೋ,” ಎಂದಳು ಅಕ್ಕ. ಪಿಸುಮಾತಿನಲ್ಲಲ್ಲ. ಗೋಡೆಯ ಕಂಬಳಿಗಳು ಅಲುಗುವಂತೆ. “ಬಂದೆ ಚಿನ್ನಾ! ಇಲ್ಲೇ ಇದೀನಿ! ಬಂದೆ!”

ಆಂಪ್ಲಿಫೈಯರಿನ ಗಾಜುಗಳು ಒಂದರ ಹಿಂದೆ ಒಂದು ಒಡೆದವು. ಕತ್ತಲು.

ಕಣ್ಣು ಬಿಟ್ಟಾಗ ಅವಳು ಹಜಾರದಲ್ಲಿ, ಗಂಡನ ತೊಡೆಯ ಮೇಲಿದ್ದಳು. ಅವನ ಮುಖ ತಲೆಕೆಳಗಾಗಿ ಕಾಣುತ್ತಿತ್ತು. ತುಟಿ ಆಡುತ್ತಿತ್ತು. ಸದ್ದಿಲ್ಲ. ಅಷ್ಟರಲ್ಲಿ ಪುಟ್ಟಿ ಬಂದು, ಅಮ್ಮನ ಬಲಗಿವಿ ಮುಚ್ಚಿದ್ದ ಅಪ್ಪನ ಕೈ ಸರಿಸಿ ಕೆನ್ನೆಗೆ ಕೆನ್ನೆ ಒತ್ತಿದಳು.

“ಅಮ್ಮಾ, ಅಪ್ಪ ಆ ಕಿವೀಲಿ ಬಡ್ಕೋತಿದಾರೆ. ಈ ಕಡೆ ಬನ್ನಿ ಅಂತ ನಾನು ಆವಾಗಿಂದ ಹೇಳ್ತಿದೀನಿ, ನನ್ನ ಮಾತು ಯಾರು ಕೇಳ್ತಾರೆ!”

ಅವಳು ಮಗಳನ್ನು ಎದೆಗೆ ಅವುಚಿಕೊಂಡಳು. ಮಗಳ ಮಾತಿಗೆ ಕೊನೆಯಿರಲಿಲ್ಲ. ಬೆರಳಿನ ನೋವು, ಬಡಗಿ ತಾತ ಕೊಟ್ಟ ಮರದ ಕುದುರೆ, ಸ್ಕೂಲಿನ ಜಗಳ. ಒಂದಕ್ಕೂ ಅಡ್ಡ ಬರದೆ ಕೇಳಿದಳು.

ತಗಡನ್ನು ಅಕ್ಕ ತೆಗೆದುಕೊಂಡು ಹೋಗಿ, ಕೂದಲನ್ನು ಮಾತ್ರ ಬಿಡಿಸಿಟ್ಟುಕೊಂಡು, ಮಿಕ್ಕಿದ್ದನ್ನು ಹೊಳೆಗೆ ಎಸೆದಳಂತೆ. ಪೆಟ್ಟಿಗೆಗಳನ್ನು ಬಡಗಿ ತನ್ನ ಕೈಯಾರೆ ಗರಗಸದಲ್ಲಿ ಕುಯ್ದು ಚಕ್ಕೆ ಮಾಡಿ ಸುಟ್ಟ. ಅವಳ ಎಡಗಿವಿ ಹೋದದ್ದು ಹೋಯಿತು. ಆಸ್ಪತ್ರೆಯ ದೊಡ್ಡ ಡಾಕ್ಟರು ಎಲ್ಲ ಬಗೆಯಲ್ಲೂ ನೋಡಿ ಕೈ ಚೆಲ್ಲಿದರು. ಬಲಗಿವಿ ಜನರ ಮಾತಿಗೆ, ಬೀದಿಯ ಸದ್ದಿಗೆ, ಹಕ್ಕಿಗೆ, ಮಳೆಗೆ ಎಲ್ಲಕ್ಕೂ ಮೊದಲಿನಂತೆಯೇ ಚುರುಕಾಗಿತ್ತು. ಸಂಗೀತಕ್ಕೆ ಮಾತ್ರ ಅಲ್ಲ. ಯಾವ ವಾದ್ಯವಾಗಲಿ, ಯಾವ ಗಾಯನವಾಗಲಿ, ಕಬ್ಬಿಣದ ತಟ್ಟೆಯ ಮೇಲೆ ಮರಳು ಅರೆದಂತೆ ಕೇಳುತ್ತಿತ್ತು. ಅದು ಬರೀ ಕಿವಿಗಲ್ಲ, ಹಲ್ಲಿಗೆ, ಹೊಟ್ಟೆಗೆ ತಟ್ಟುತ್ತಿತ್ತು. ಮಾಟ ಹೋಗುವಾಗ ಬಾಗಿಲನ್ನು ಕಿತ್ತುಕೊಂಡೇ ಹೋಗಿತ್ತು.

ಎಲ್ಲರೂ ಅವಳು ಸಂಗೀತದ ಸಹವಾಸ ಬಿಟ್ಟಳು ಎಂದುಕೊಂಡರು. ರೆಕಾರ್ಡುಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದರು. ಅವಳು ಕೊಡಲಿಲ್ಲ.

ಊರಿನ ಹಳೆಯ ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ಭಾನುವಾರ ಬೆಳಗ್ಗೆ ನಾಲ್ಕೈದು ಜನ ಸೇರಿ ನುಡಿಸುತ್ತಿದ್ದರು. ಅವಳು ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಮೂರನೆಯ ನಿಮಿಷಕ್ಕೆ ಎದ್ದು ಓಡಿ, ಮೆಟ್ಟಿಲ ಕೆಳಗೆ ವಾಂತಿ ಮಾಡಿಕೊಂಡಳು. ಮುಂದಿನ ಭಾನುವಾರ ಮತ್ತೆ ಹೋದಳು. ಆರು ನಿಮಿಷ. ಅದರ ಮುಂದಿನ ವಾರ ಕುರ್ಚಿಯ ಕೈ ಹಿಡಿದ ಬೆರಳುಗಳು ಬಿಳಚಿಕೊಂಡವು, ಕಣ್ಣಿಗೆ ಕತ್ತಲೆ ಬಂತು, ಆದರೂ ಕಾಲು ಗಂಟೆ. ಗಂಡ ಒಂದು ವಾರ ಜೊತೆಗೆ ಬಂದು, “ಇದ್ಯಾವ ಹಟ ಕಣೇ?” ಎಂದ. ನಾಲ್ಕನೆಯ ತಿಂಗಳಿಗೆ, ಮೈಯೆಲ್ಲ ಬೆವರಿ ತೊಯ್ದು, ಅವಳು ಕಾರ್ಯಕ್ರಮದ ಕೊನೆಯವರೆಗೂ ಕೂತಿದ್ದಳು.

ಜನ ಹೋದ ಮೇಲೆ ಪಿಟೀಲಿನ ಮುದುಕ ವೇದಿಕೆಯಿಂದ ಇಳಿದು ಅವಳ ಹತ್ತಿರ ಬಂದ. ಮುಖದಲ್ಲಿ ಬೇಸರವಿತ್ತು.

“ತಿಂಗಳುಗಳಿಂದ ನೋಡ್ತಿದೀನಮ್ಮ. ವಿಷ ಕುಡಿದವರ ಹಾಗೆ ಮುಖ ಕಿವುಚ್ಕೊಂಡು ಕೂತಿರ್ತೀರ. ನಮ್ಮದು ಅಷ್ಟು ಕೆಟ್ಟದಾಗಿದ್ರೆ ಯಾಕೆ ಬರ್ತೀರ?”

“ಕೆಟ್ಟದಾಗಿಲ್ಲ. ನಿಮ್ಮ ಕಮಾನು ನೋಡಿದ್ರೇ ಗೊತ್ತಾಗುತ್ತೆ, ಚೆನ್ನಾಗಿ ನುಡಿಸ್ತೀರ. ನನ್ನ ಕಿವಿಗೆ ಮಾತ್ರ ಅದು ಮರಳು.”

ಮುದುಕ ಅರ್ಥವಾಗದೆ ನೋಡಿದ. “ಏನೂ ಕೇಳದೇ ಇದ್ರೆ...”

“ಮರಳು ಕೇಳುತ್ತಲ್ಲ,” ಎಂದಳು ಅವಳು. ಕರವಸ್ತ್ರದಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. “ಅದನ್ನ ಕೇಳ್ತೀನಿ. ಶ್ ಅನ್ನದೆ, ಕೊನೇ ತನಕ. ಮುಂದಿನ ವಾರ ಎಷ್ಟು ಗಂಟೆಗೆ ಶುರು?”